ಹೊಕ್ಕಿಗೆ ಬರುವ ನೂಲು

ನನ್ನ ಗೆಳೆಯ ಹಿರಿಯಣ್ಣನ ಬಲಗೈ ಸುಮ್ಮನಿದ್ದುದನ್ನು ನಾನು ನೋಡಿದ್ದು ಒಂದೇ ಸಲ, ಹೋದ ವರ್ಷ ಜುಲೈ ತಿಂಗಳ ಒಂದು ಬೆಳಿಗ್ಗೆ. ಅದಕ್ಕೆ ಹಿಂದಿನ ಒಂಬತ್ತು ವರ್ಷ, ಅವನು ಕೂತಿರಲಿ, ಮಲಗಿರಲಿ, ಲೋಕಲ್‌ನ ಬಾಗಿಲಲ್ಲಿ ನಿಂತಿರಲಿ, ಆ ಕೈಯ ಮಣಿಕಟ್ಟು ಒಂದೇ ಲಯದಲ್ಲಿ ಸಣ್ಣಗೆ ಸುತ್ತುತ್ತಲೇ ಇತ್ತು. ಎದುರು ಕೂತವರು ತಮ್ಮನ್ನೇ ಕರೆಯುತ್ತಿದ್ದಾನೆಂದು ತಿಳಿದು ಎದ್ದು ಬಂದದ್ದೂ ಉಂಟು.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಚಾಳಿನಲ್ಲಿ, ಮೂರನೆಯ ಮಾಳಿಗೆಯ ಖೋಲಿಯನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ನಾನು ಇಲಕಲ್ಲಿನ ಕಡೆಯವನು, ಗಿರಗಾಂವದ ಛಾಪಖಾನೆಯೊಂದರಲ್ಲಿ ಪ್ರೂಫ್ ತಿದ್ದುವವನು. ಅವನು ಮೈಸೂರು ಸೀಮೆಯ ಶಿಡ್ಲಘಟ್ಟದವನು. ಒಟ್ಟಿಗೆ ಇದ್ದ ಮೊದಲನೆಯ ವಾರವೇ ನಾನು ಕೇಳಿಬಿಟ್ಟೆ.

"ಇದೇನ್ರಿ, ಕೈ ಯಾಕ ಹಿಂಗ ತಿರುವ್ತೀರಿ?"

"ಚರಕ," ಎಂದ.

"ಖಾದಿಯವರೇನು?"

"ಅಲ್ಲಪ್ಪ. ರೇಷ್ಮೆ. ಹತ್ತು ವರ್ಷ ತಿರುಗಿಸಿದ್ದೀನಿ. ಕೈಗೆ ಇನ್ನೂ ರಜ ಕೊಟ್ಟಿಲ್ಲ ಅಷ್ಟೆ."

ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಒಬ್ಬಳಿದ್ದಳು, ರಮಾಮಣಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ವರ್ಷವೇ ತಂದೆತಾಯಿಯೂ ಹೋಗಿ, ಎಂಟು ತುಂಬದ ತಮ್ಮ ಅವಳ ಪಾಲಿಗೆ ಉಳಿದ. ಮನೆಯ ಹಿತ್ತಲಿನಲ್ಲಿ ಚರಕ ಹೂಡಿ ಅವಳು ರೇಷ್ಮೆ ಗೂಡಿನಿಂದ ನೂಲು ಬಿಚ್ಚತೊಡಗಿದಳು. ಆ ಕೆಲಸಕ್ಕೆ ಇಬ್ಬರು ಬೇಕು. ಅಕ್ಕ ಕುದಿನೀರಿನ ಬಾಣಲೆಯ ಮುಂದೆ ಕೂತು ತೇಲುವ ಗೂಡುಗಳಿಂದ ಎಳೆ ಹಿಡಿದು ಕೂಡಿಸುತ್ತಿದ್ದಳು. ಹಿಂದೆ ನಿಂತು ಚಕ್ರ ತಿರುಗಿಸುವುದು ತಮ್ಮನ ಕೆಲಸ. ಒಂದು ಗೂಡು ಮುಗಿದು ಎಳೆ ತೆಳುವಾದಾಗ ಅಕ್ಕ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಅವಳ ಬೆನ್ನು ಒಂದಿಷ್ಟು ಬಾಗುತ್ತಿತ್ತು. ಅದನ್ನು ನೋಡಿ ಇವನು ಚಕ್ರವನ್ನು ನಿಧಾನಿಸುತ್ತಿದ್ದ. ಹೊಸ ಗೂಡಿನ ಎಳೆ ಸೇರಿತೆಂದರೆ ಬೆನ್ನು ನೆಟ್ಟಗಾಗುತ್ತಿತ್ತು, ಚಕ್ರ ಮತ್ತೆ ಓಡುತ್ತಿತ್ತು.

"ಅಕ್ಕನ ಮುಖ ನಾನು ಕಂಡದ್ದು ಊಟದ ಹೊತ್ತಿಗೆ ಮಾತ್ರ. ಬೆನ್ನನ್ನ ಕಂಡಷ್ಟು ಮುಖ ಕಂಡಿಲ್ಲ," ಎಂದು ಅವನು ಒಮ್ಮೆ ಹೇಳಿದ್ದ. ನಗುತ್ತ ಹೇಳಿದ್ದ.

ಆ ನೂಲು ಮಾರಿಯೇ ಅವಳು ಅವನನ್ನು ಬೆಂಗಳೂರಿನಲ್ಲಿ ಬಿ.ಎ. ತನಕ ಓದಿಸಿದಳು. ಮುಂಬಯಿಗೆ ಬಂದ ಹಿರಿಯಣ್ಣನಿಗೆ ಸಿಕ್ಕಿದ ಕೆಲಸವಾದರೂ ಎಂಥದು! ಬಲಾರ್ಡ್ ಎಸ್ಟೇಟಿನ ಕಡೆ ಒಂದು ಸರ್ಕಾರಿ ಕಚೇರಿ. ಹೊರದೇಶದಿಂದ ಬರುವ ಯಾವ ಸಾಮಾನಿನ ಮೇಲೆ ಎಷ್ಟು ಸುಂಕ ಇರಬೇಕೆಂದು, ಅಂಥದನ್ನು ಇಲ್ಲಿ ಮಾಡುವವರನ್ನೂ ಮಾರುವವರನ್ನೂ ಕೊಳ್ಳುವವರನ್ನೂ ಕರೆಸಿ ಕೇಳಿ, ದಿಲ್ಲಿಗೆ ವರದಿ ಕಳಿಸುವುದು ಅಲ್ಲಿಯ ಕೆಲಸ. ಹಿರಿಯಣ್ಣ ಅಲ್ಲಿ ಟೈಪಿಸ್ಟ್. ಜನ ಬರೆದ ಕಾಗದಗಳೆಲ್ಲ ಅವನ ಕೈಮೇಲೆ ಹಾದುಹೋಗುತ್ತಿದ್ದವು. ಅಂಗಿಯ ಗುಂಡಿ ಮಾಡುವವರು, ಸೈಕಲ್ ಮಾಡುವವರು, ಬೀಗ ಮಾಡುವವರು ಎಲ್ಲರೂ ತಮ್ಮನ್ನು ಉಳಿಸಬೇಕೆಂದೇ ಬರೆಯುತ್ತಿದ್ದರು. ಕೊಳ್ಳುವವರಲ್ಲಿ ಒಬ್ಬ ಶಾಲಾ ಮಾಸ್ತರರು ದೇಶೀ ಪೆನ್ಸಿಲ್ಲಿನ ಮುರಿದ ಮೊನೆಗಳನ್ನು ಲಕೋಟೆಯಲ್ಲಿ ಹಾಕಿ, "ಇವು ಒಂದೇ ದಿನದವು" ಎಂದು ಒಂದು ಸಾಲು ಬರೆದು ಕಳಿಸಿದ್ದರಂತೆ. ಇಂಥದನ್ನು ಅವನು ಸಂಜೆ ನಮ್ಮ ಚಾಳಿನ ಕೆಳಗಿನ ಮೋನಪ್ಪನ ಹೋಟೆಲಿನಲ್ಲಿ ಹೇಳುತ್ತಿದ್ದ. ಹೆಸರು ಊರು ಮಾತ್ರ ಯಾವತ್ತೂ ಹೇಳುತ್ತಿರಲಿಲ್ಲ.

ಮೋನಪ್ಪ ಉಡುಪಿಯ ಕಡೆಯವನು. ಗಲ್ಲಾದ ಹಿಂದೆ ಕೂತೇ ಲೋಕದ ವ್ಯವಹಾರ ತೀರ್ಮಾನಿಸುವವನು.

"ಸುಂಕ ಹಾಕಲಿ ಮಾರಾಯ್ರೆ, ಬ್ಲೇಡಿಗೆ ಹಾಕಲಿ, ಗಡಿಯಾರಕ್ಕೆ ಹಾಕಲಿ. ಇಡ್ಲಿಗೊಂದು ಹಾಕದಿದ್ರೆ ಆಯ್ತು."

"ಇಡ್ಲಿ ಹೊರದೇಶದಿಂದ ಬರೋದಿಲ್ವಲ್ಲ ಮೋನಪ್ಪಣ್ಣ," ಎನ್ನುತ್ತಿದ್ದ ಹಿರಿಯಣ್ಣ.

"ಎಂಥ ಮಾತು! ನಿಮ್ಮ ಮೈಸೂರಿನವರ ಇಡ್ಲಿ ನೋಡಿದ್ರೆ ಹೊರದೇಶದ್ದೇ ಅನ್ನಿಸ್ತದೆ. ಅದಕ್ಕೆ ಹಾಕಿಸಿ."

ನಗೆ ಮುಗಿದ ಮೇಲೆ ಉಳಿಯುತ್ತಿದ್ದ ಒಂದು ವಿಷಯವನ್ನು ನಾವಿಬ್ಬರೂ ಮುಟ್ಟುತ್ತಿರಲಿಲ್ಲ. ಜಪಾನಿನಿಂದಲೋ ಇಟಲಿಯಿಂದಲೋ ಬರುವ ರೇಷ್ಮೆಯ ಮೇಲೆ ಸುಂಕ ಹೆಚ್ಚಿದ್ದರೆ ಶಿಡ್ಲಘಟ್ಟದ ಚರಕ ತಿರುಗುತ್ತದೆ. ಅದು ಇಳಿದರೆ ನಮ್ಮ ಇಲಕಲ್ಲಿನ ಮಗ್ಗಕ್ಕೆ ಅಗ್ಗದ, ನುಣುಪಾದ, ಹರಿಯದ ನೂಲು ಸಿಗುತ್ತದೆ. ನನ್ನ ಸೋದರಮಾವ ನೀಲಕಂಠಪ್ಪನದು ನಾಲ್ಕು ಮಗ್ಗದ ಮನೆ. ಹತ್ತು ಅಡಿ ಅಗಲದ ಒಂದು ಖೋಲಿಯಲ್ಲಿ, ಒಂದೇ ಹೂಜಿಯ ನೀರು ಕುಡಿಯುತ್ತ, ನಾವು ಆ ಸುಂಕದ ಎರಡು ಕಡೆಯವರಾಗಿದ್ದೆವು.

ಐವತ್ಮೂರರ ಬೇಸಿಗೆಯಲ್ಲಿ ರೇಷ್ಮೆಯ ಸುಂಕದ ಸರದಿ ಬಂತು. ಕಚೇರಿಯಿಂದ ಪ್ರಶ್ನೆಗಳ ಪಟ್ಟಿ ಊರೂರಿಗೆ ಹೋಯಿತು. ಶಿಡ್ಲಘಟ್ಟಕ್ಕೂ ಹೋಯಿತು, ಇಲಕಲ್ಲಿಗೂ ಬಂತು. ಬಹಿರಂಗ ವಿಚಾರಣೆಗೆ ಹದಿನೈದು ದಿನ ಇರುವಾಗ, ಮುಂಬಯಿಯ ಪೇಟೆಗೆ ಬಂದ ಶಿಡ್ಲಘಟ್ಟದ ವ್ಯಾಪಾರಿಯೊಬ್ಬರು ಒಂದು ಬಟ್ಟೆಯ ಗಂಟನ್ನು ನಮ್ಮ ಖೋಲಿಗೆ ತಂದುಕೊಟ್ಟರು. ಒಳಗೆ ತಿರುಚಿ ಕಟ್ಟಿದ, ಹಳದಿ ಹೊಳಪಿನ ಒಂದು ಲಡಿ ರೇಷ್ಮೆ ನೂಲು, ಮತ್ತು ರಮಾಮಣಿಯ ಕಾಗದ.

ಕಾಗದವನ್ನು ಅವನು ನನಗೆ ಓದಿ ಹೇಳಿದ. ಬೀದಿಯಲ್ಲಿ ನೂಲು ಬಿಚ್ಚುವವರೆಲ್ಲ ಸೇರಿ ತಮ್ಮ ತಮ್ಮ ಬುಟ್ಟಿಯ ಒಳ್ಳೆಯ ಗೂಡುಗಳನ್ನು ಆರಿಸಿ ಅವಳಿಗೆ ಕೊಟ್ಟಿದ್ದರಂತೆ. ಎಲ್ಲರಿಗಿಂತ ಅವಳ ಕೈ ಚೆನ್ನ ಎಂದು ಅವಳೇ ತೆಗೆಯಬೇಕೆಂದು ಹೇಳಿದ್ದರಂತೆ. "ಇದನ್ನು ನಿಮ್ಮ ಸಾಹೇಬರ ಮುಂದೆ ಇಡು. ನೋಡಿ ಕೈಯಲ್ಲಿ ಹಿಡಿದರೆ ಅವರಿಗೇ ತಿಳಿಯುತ್ತೆ, ಹೊರಗಿನದು ಯಾಕೆ ಬೇಕು ಅಂತ. ನಮ್ಮದೆಲ್ಲ ನಿನ್ನ ಕೈಯಲ್ಲಿದೆ" ಎಂದು ಬರೆದಿದ್ದಳು. ತಾಲ್ಲೂಕಿನ ವಸ್ತುಪ್ರದರ್ಶನದಲ್ಲಿ ಅಮಲ್ದಾರರು ಒಂದೊಂದೇ ಲಡಿ ಎತ್ತಿ ನೋಡಿ ಬಹುಮಾನ ಹೇಳುತ್ತಾರಲ್ಲ, ಮುಂಬಯಿಯಲ್ಲೂ ಹಾಗೆಯೇ ಎಂದು ಅವರೆಲ್ಲ ನಂಬಿದ್ದರು.

"ಇಡೋದಕ್ಕೆ ಆಗೋದಿಲ್ಲ ಕಣೋ," ಎಂದ ಹಿರಿಯಣ್ಣ. "ನಾನು ಕಚೇರಿಯವನು. ನನ್ನ ಅಕ್ಕನ ನೂಲನ್ನ ನಾನೇ ತಗೊಂಡುಹೋಗಿ ಮೇಜಿನ ಮೇಲೆ ಇಟ್ಟರೆ ಏನಂತಾರೆ?"

"ಮತ್ತ ಏನ್ ಮಾಡ್ತಿ?"

ಅವನು ಲಡಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತ. ಬೆಂದ ಗೂಡಿನ ವಾಸನೆ ಸಹಿಸಲಾಗದ್ದು, ಅರ್ಧ ಮೈಲಿಯಿಂದಲೇ ಬರುತ್ತದೆ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಅವನು ಆ ಲಡಿಯಲ್ಲಿ ಹುಡುಕುತ್ತಿದ್ದುದು ಅದನ್ನೇ.

ವಿಚಾರಣೆಯ ಹಿಂದಿನ ದಿನ, ಭಾನುವಾರ, ನೀಲಕಂಠಪ್ಪ ಮಾವ ಬಂದಿಳಿದ. ನೇಕಾರರ ಸಂಘ ಅವನನ್ನು ಸಾಕ್ಷಿ ಹೇಳಲು ಆರಿಸಿತ್ತು. ನಮ್ಮ ಖೋಲಿ ಬಿಟ್ಟರೆ ಇಳಿಯಲು ಅವನಿಗೆ ಬೇರೆ ಜಾಗವಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಮೂರು ಮಾಳಿಗೆ ಹತ್ತಿ ಬಂದವನೇ, "ಇದೇನೋ ಶೆಟ್ಟೆಪ್ಪ, ಮನಿ ಬಾಡಿಗಿ ಹಿಡಿ ಅಂದ್ರ ಗುಬ್ಬಿ ಗೂಡು ಹಿಡದೀಯಲ್ಲ!" ಎಂದ. ಹಿರಿಯಣ್ಣ ಅವನಿಗೆ ಕಾಲು ತೊಳೆಯಲು ನೀರು ಕೊಟ್ಟ. ಊಟವಾದ ಮೇಲೆ ಟ್ರಂಕಿನಿಂದ ಆ ಲಡಿಯನ್ನು ತೆಗೆದು ಮಾವನ ಮುಂದಿಟ್ಟ.

"ಯಾರದೋ ನೂಲು. ಹೇಗಿದೆ ಅಂತ ನೋಡಿ ಹೇಳ್ತೀರಾ?"

ಯಾರದೋ ಎಂದಾಗ ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ.

ಮಾವ ಲಡಿಯನ್ನು ಕಿಟಕಿಯ ಬೆಳಕಿಗೆ ಒಯ್ದ. ತುದಿ ಹುಡುಕಿ ನಾಲ್ಕು ಮಾರು ಎಳೆದ. ತೊಡೆಯ ಮೇಲೆ ಹೊಸೆದ, ಹೆಬ್ಬೆರಳಿನ ಉಗುರಿನ ಕೆಳಗೆ ಹಾಯಿಸಿದ, ಆಮೇಲೆ ಕಣ್ಣು ಮುಚ್ಚಿಕೊಂಡು ಕೆಳದುಟಿಯ ಮೇಲೆ ಎಳೆಯನ್ನು ಮೆಲ್ಲಗೆ ಎಳೆಯುತ್ತ ಹೋದ. ಒಂದು ಕಡೆ ನಿಂತ. ಮತ್ತೆ ಎಳೆದ. ಮತ್ತೊಂದು ಕಡೆ ನಿಂತ.

"ಕೈ ಭಾಳ ಚಲೋ ಐತಿ ಈಕಿದು," ಎಂದ. "ಕೂಡಿಸಿದ್ದು ಎಲ್ಲೂ ಗೊತ್ತ ಆಗೂದಿಲ್ಲ. ಇಂಥಾ ಕೈ ನಾ ಕಂಡಿಲ್ಲ. ಆದ್ರ..."

"ಆದರೆ?"

"ಗೂಡು ತೀರಿದ್ದು ಈಕಿಗೆ ಕಾಣೂದಿಲ್ಲ. ತೀರಿ ಒಂದ್ ಮೊಳ ಹ್ವಾದ ಮ್ಯಾಲೆ ಬೆರಳಿಗೆ ಗೊತ್ತಾಗತೈತಿ. ಆವಾಗ ಹೊಸಾ ಎಳಿ ಕೊಡತಾಳ, ಗಾಬರಿಗೆ ಒಂದರ ಬದಲಿ ಎರಡು ಕೊಡತಾಳ. ಅದಕ್ಕ ಇಲ್ಲಿ ತೆಳು, ಇಲ್ಲಿ ದಪ್ಪ. ಕಣ್ಣು ಹೋಗ್ಯಾವ ಪಾಪ. ಪೂರಾ ಹೋಗಿಲ್ಲ, ಹೊಂಟಾವ."

 ಹಿರಿಯಣ್ಣನ ಮಣಿಕಟ್ಟು ತಿರುಗುತ್ತಲೇ ಇತ್ತು. ಆದರೆ ಬಹಳ ನಿಧಾನವಾಗಿ.

"ಇನ್ನೊಂದ್ ಹೇಳಲೇನು? ಚಕ್ರಾ ತಿರುವವರು ಮತ್ತು ಈಕಿ, ಇಬ್ಬರಿಗೂ ಮಾತಿಲ್ಲ. ಈಕಿ ತಡಿ ಅಂದಾಗ ಅವರು ಓಡತಾರ. ಯಾರೋ ಕೂಲಿಯವರು ಕಾಣತೈತಿ." ಮಾವ ಲಡಿಯನ್ನು ಮೊದಲಿನಂತೆಯೇ ತಿರುಚಿ ಮಡಿಚಿ ಅವನ ಕೈಗಿತ್ತ. "ಹಾಸಿನ ಉದ್ದ ಎಳಿಗೆ ಬರಂಗಿಲ್ಲ. ಹಾಸಿಗೆ ಹಾಕಿದ್ರ ದಿನಾ ನೂರು ಕಡೆ ಹರೀತೈತಿ. ಅಡ್ಡ ಎಳಿಗೆ, ಹೊಕ್ಕಿಗೆ ಬರ್ತೈತಿ."

ಹಿರಿಯಣ್ಣ ಎದ್ದು ಹೊರಗಿನ ಗ್ಯಾಲರಿಗೆ ಹೋದ. ಕೆಳಗೆ ಟ್ರಾಮಿನ ಗಂಟೆ ಕೇಳುತ್ತಿತ್ತು. ನಾನು ಹಿಂದೆಯೇ ಹೋಗಿ ನಿಂತೆ. ಅವನು, "ಒಂದು ವರ್ಷದಿಂದ ಕಾಗದ ಪೋಸ್ಟ್ ಮಾಸ್ತರರ ಕೈಯಲ್ಲಿ ಬರೆಸ್ತಾಳೆ. ಲೇಖನಿ ಮುರಿದಿದೆ ಅಂದಿದ್ದಳು. ನಾನು ಎರಡು ಲೇಖನಿ ಕಳಿಸಿದ್ದೆ ಶೆಟ್ಟೆಪ್ಪ," ಎಂದ.

ಮರುದಿನ ನಾನು ಛಾಪಖಾನೆಗೆ ರಜೆ ಹಾಕಿ ವಿಚಾರಣೆಗೆ ಹೋದೆ. ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮೂಳಜಿ ಜೇಠಾ ಮಾರ್ಕೆಟ್ಟಿನ ವ್ಯಾಪಾರಿಗಳು, ರೇಷ್ಮೆ ತರಿಸುವ ಕಂಪನಿಗಳವರು, ಮೈಸೂರಿನಿಂದ ಜರಿಪೇಟದ ಅಧಿಕಾರಿಗಳು, ಹಿಂದೆ ಕೈಯಲ್ಲಿ ಟೋಪಿ ಹಿಡಿದ ನೇಕಾರರು. ನನ್ನ ಮಾವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ದುಭಾಷಿಯಾಗಿ ನಿಲ್ಲಬೇಕೆಂದು ಹಿರಿಯಣ್ಣನಿಗೆ ಹೇಳಿದ್ದರು. ಅವನು ಬೆಳಿಗ್ಗೆಯೇ ಮೇಲಧಿಕಾರಿಯ ಹತ್ತಿರ ಹೋಗಿ, "ಸಾರ್, ನನ್ನ ಅಕ್ಕ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವಳು. ಇದಕ್ಕೆ ಬೇರೆ ಯಾರನ್ನಾದರೂ ಹಾಕಿ" ಎಂದನಂತೆ. ಅವರು ಕನ್ನಡಕದ ಮೇಲಿಂದ ನೋಡಿ, "ಒಳ್ಳೆಯದೇ ಆಯಿತು, ಆ ಕೆಲಸದ ಮಾತುಗಳು ನಿಮಗೆ ಗೊತ್ತಿರುತ್ತವೆ" ಎಂದರಂತೆ.

ಮಾವನಿಗೆ ಮಗ್ಗದ ಲೆಕ್ಕ ಕೇಳಿದರು, ಕೂಲಿ ಕೇಳಿದರು, ಒಂದು ಸೀರೆಗೆ ಎಷ್ಟು ದಿನ ಎಂದು ಕೇಳಿದರು. ಮಾವ ಹೇಳಿದ್ದನ್ನು ಹಿರಿಯಣ್ಣ ಒಂದೇ ಸಮನಾದ ದನಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತ ಹೋದ. ಕೊನೆಗೆ ಅಧ್ಯಕ್ಷರು ಒಂದು ಪ್ರಶ್ನೆ ಹಾಕಿದರು. ನೀವು ಹೇಳಿದಂತೆ ಸುಂಕ ಇಳಿಸಿದರೆ ಮೈಸೂರಿನಲ್ಲಿ ಚರಕ ನಂಬಿದ ಸಾವಿರಾರು ಮನೆಗಳು ಕೆಲಸ ಕಳೆದುಕೊಳ್ಳುತ್ತವೆ. ಅದಕ್ಕೇನು ಹೇಳುತ್ತೀರಿ?

ಹಿರಿಯಣ್ಣ ಅದನ್ನು ಕನ್ನಡದಲ್ಲಿ ಕೇಳಿದ. ಮಾವ ಹೇಳಿದ:

"ಅವರೂ ಬದುಕಬೇಕ್ರಿ ಸಾಹೇಬ್ರ. ಅವರು ನಮಗ ಬ್ಯಾರೆ ಅಲ್ಲ. ಆದ್ರ ನಿನ್ನೆ ಒಂದು ನೂಲು ನೋಡಿದೆ. ತೆಗದಾಕಿಗೆ ಕಣ್ಣ ಕಾಣೂದಿಲ್ಲ. ಆಕಿ ಆ ನೂಲು ತೆಗೀತಾಳ, ನೀವು ಸುಂಕಾ ಹಾಕಿ ಅದನ್ನ ನನ್ನ ಮಗ್ಗಕ್ಕ ಕಟ್ಟತೀರಿ. ಇದರಿಂದ ಆಕಿ ಕಣ್ಣೂ ಉಳಿಯಂಗಿಲ್ಲ, ನನ್ನ ಮಗ್ಗಾನೂ ಉಳಿಯಂಗಿಲ್ಲ. ಆಕಿಗೆ ಒಂದು ಕನ್ನಡಕ ಕೊಡ್ರಿ, ನನಗ ನೂಲು ಕೊಡ್ರಿ."

ಕನ್ನಡ ಬಲ್ಲವರು ನಕ್ಕರು. ಹಿರಿಯಣ್ಣ ಮೇಜಿನ ಮೇಲಿದ್ದ ಗ್ಲಾಸಿನಿಂದ ಒಂದು ಗುಟುಕು ನೀರು ಕುಡಿದ.  ಅಲ್ಲಿ ಅವನು ಒಂದು ಸಾಲು ನುಂಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾವನಿಗಂತೂ ತಿಳಿಯುತ್ತಲೇ ಇರಲಿಲ್ಲ. ಶಿಡ್ಲಘಟ್ಟದ ಬೀದಿಯೊಂದು ಅವನ ಕೈಗೆ ಬದುಕನ್ನು ಕೊಟ್ಟು ಕಾದು ಕೂತಿತ್ತು. ಹಿರಿಯಣ್ಣ ಗ್ಲಾಸನ್ನು ಕೆಳಗಿಟ್ಟು ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಕಣ್ಣಿನ ಮಾತನ್ನು ಹೇಳಿದ, ಕನ್ನಡಕದ ಮಾತನ್ನೂ ಹೇಳಿದ. ಈ ಸಲ ಇಡೀ ಸಭೆ ನಕ್ಕಿತು. ಬರೆದುಕೊಳ್ಳುವವನು ನಗುತ್ತಲೇ ಬರೆದುಕೊಂಡ.

ಸಂಜೆ ಮೋನಪ್ಪನ ಹೋಟೆಲಿನಲ್ಲಿ ಮಾವ ಬಸಿಯಲ್ಲಿ ಚಹಾ ಸುರಿದುಕೊಂಡು ಉಬ್ಬಿ ಕೂತಿದ್ದ. "ನಿಮ್ಮ ಇಂಗ್ರೇಜಿಗೆ ಹಂಗ್ಯಾಕ ನಕ್ಕರ್ರೀ? ಏನರ ಕೂಡಿಸಿ ಹೇಳಿದ್ರೇನು?"

"ಕೂಡಿಸಲಿಲ್ಲ. ಬಿಡಲೂ ಇಲ್ಲ," ಎಂದ ಹಿರಿಯಣ್ಣ. ಆಮೇಲೆ, "ಆ ನೂಲು ನನ್ನ ಅಕ್ಕನದು," ಎಂದ.

ಮಾವ ತುಟಿಯ ಹತ್ತಿರ ಒಯ್ದಿದ್ದ ಬಸಿಯನ್ನು ಹಾಗೆಯೇ ಕೆಳಗಿಟ್ಟ. "ಮೊದಲ ಹೇಳಬಾರದೇನ್ರಿ!"

"ಹೇಳಿದ್ದರೆ ನೀವು ನಿಜ ಹೇಳ್ತಿರಲಿಲ್ಲ."

"ಹೇಳ್ತಿದ್ದೆ. ಬಾಯಾಗ ಒಂದ್ ಚೂರು ಬೆಲ್ಲಾ ಇಟಗೊಂಡು ಹೇಳ್ತಿದ್ದೆ." ಮಾವನ ದನಿ ಇಳಿಯಿತು. "ಆ ಲಡಿ ನನಗ ಕೊಡ್ರಿ ತಮ್ಮಾ. ಆಕಿಗೆ ಒಂದು ಸೀರಿ ನೇದು ಕೊಡತೀನಿ."

ಹಿರಿಯಣ್ಣ ಕೊಡಲಿಲ್ಲ. "ಇರಲಿ, ಅವಳು ಇಲ್ಲಿಗೆ ಬರೋ ಹೊತ್ತಿಗೆ ಕೇಳ್ತೀನಿ," ಎಂದ.

ಆ ವಾರವೇ ಅವನು ಕನ್ನಡಕಕ್ಕೆಂದು ಊರಿಗೆ ಮನಿಆರ್ಡರ್ ಮಾಡಿದ. ಉತ್ತರ ಬಂತು. ನನ್ನ ಕಣ್ಣಿಗೆ ಏನೂ ಆಗಿಲ್ಲ, ಯಾರು ನಿನಗೆ ಇಲ್ಲದ್ದೆಲ್ಲ ಬರೆದವರು, ಆ ದುಡ್ಡಿಗೆ ಗೂಡು ಕೊಂಡೆ. ಬರೆದವರು ಪಕ್ಕದ ಮನೆಯವರೇ ಇರಬೇಕೆಂದು ಅವರ ಜೊತೆ ಮಾತು ಬಿಟ್ಟಿದ್ದಳಂತೆ. ಕೊನೆಯಲ್ಲಿ, "ನೂಲು ತೋರಿಸಿದೆಯಾ? ಏನಂದರು?" ಎಂದಿತ್ತು. ಆ ಪ್ರಶ್ನೆಗೆ ಉತ್ತರ ಬರೆಯಲು ಹಿರಿಯಣ್ಣ ಮೂರು ಕಾಗದ ಹರಿದ. ನಾಲ್ಕನೆಯದರಲ್ಲಿ ಬರೆದದ್ದು ಇಷ್ಟು: "ಬಲ್ಲವರೊಬ್ಬರು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ಇಂಥ ಕೈ ಕಂಡಿಲ್ಲ ಎಂದರು."

"ಸುಳ್ಳಲ್ಲವಲ್ಲ?" ಎಂದು ನನ್ನನ್ನು ಕೇಳಿದ.

"ಅಲ್ಲ," ಎಂದೆ. ಈಗ ಯೋಚಿಸಿದರೆ ಆ ಹೊತ್ತಿನಲ್ಲಿ ನಾನು ಬೇರೆ ಏನಾದರೂ ಹೇಳಬೇಕಾಗಿತ್ತು ಎನ್ನಿಸುತ್ತದೆ.

ಸುಂಕ ಇಳಿಯಲಿಲ್ಲ. ದಿಲ್ಲಿಯವರಿಗೆ ಅವರದೇ ಕಾರಣಗಳಿದ್ದವು. ಆದರೆ ಶಿಡ್ಲಘಟ್ಟದ ಆ ಬೀದಿ ತನ್ನ ಲಡಿಯೇ ಗೆದ್ದಿತೆಂದು ತಿಳಿದು ಸಕ್ಕರೆ ಹಂಚಿತು. ಹಿರಿಯಣ್ಣನ ಹೆಸರಿನಲ್ಲಿ ಆಂಜನೇಯನಿಗೆ ಅರ್ಚನೆಯಾಯಿತು. ಇಲಕಲ್ಲಿನಲ್ಲಿ ನಮ್ಮ ಮಾವ ಎರಡು ಮಗ್ಗ ಇಳಿಸಿ ಹತ್ತಿಯ ಸೀರೆಗೆ ತಿರುಗಿದ. ಎರಡೂ ಸುದ್ದಿ ಒಂದೇ ವಾರ ನಮ್ಮ ಖೋಲಿಗೆ ಬಂದವು. ನಾವು ಒಬ್ಬರಿಗೊಬ್ಬರು ಓದಿ ಹೇಳಿ, ಎರಡು ಕಾಗದವನ್ನೂ ಒಂದೇ ತಂತಿಗೆ ಚುಚ್ಚಿದೆವು.

ಅಂದಿನಿಂದ ಅವನ ಕಾಗದಗಳೆಲ್ಲ ಒಂದೇ ಮಾತಿನಿಂದ ಮುಗಿಯುತ್ತಿದ್ದವು. ಇಲ್ಲಿಗೆ ಬಂದುಬಿಡು. ಅವಳ ಉತ್ತರವೂ ಒಂದೇ. ಸುಂಕ ಒಂದು ನೆಲೆಗೆ ಬರಲಿ, ಬರುತ್ತೇನೆ. ಈಗ ಎದ್ದು ಬಂದರೆ, ತಮ್ಮ ಕಚೇರಿಯಲ್ಲಿದ್ದಾನೆ, ಮುಂದೇನಾಗುತ್ತೆ ಅಂತ ಇವಳಿಗೆ ಗೊತ್ತಾಗಿಯೇ ಓಡಿದಳು ಎಂದು ಬೀದಿಯ ಜನ ಹೆದರುತ್ತಾರೆ. ಸುಂಕವೆಂಬುದು ನೆಲೆಗೆ ಬರುವ ವಸ್ತುವೇ? ಮರುವರ್ಷ ಚೀನಾದೊಂದಿಗೆ ಒಪ್ಪಂದವಾಯಿತು, ಹೊಗೆಸೊಪ್ಪು ಕೊಟ್ಟು ರೇಷ್ಮೆ ತರುತ್ತಾರಂತೆ ಎಂಬ ಗುಲ್ಲೆದ್ದಿತು. "ಇನ್ನೊಂದು ಲಡಿ ಕಳಿಸಲಾ?" ಎಂದು ಅಕ್ಕನ ಕಾಗದ ಬಂತು. ಆಮೇಲೆ ಜಪಾನಿನ ಮಾತು. ಪತ್ರಿಕೆಯಲ್ಲಿ ಒಪ್ಪಂದ ಎಂಬ ಪದ ಕಂಡರೆ ಸಾಕು, ಹಿರಿಯಣ್ಣ ಪುಟ ಮಡಿಚಿ ಇಡುತ್ತಿದ್ದ. ಯಾವುದೋ ದೊಡ್ಡ ಊರಿನಲ್ಲಿ ಯಾರೋ ಇಬ್ಬರು ರುಜು ಹಾಕುವುದಕ್ಕೂ ತನ್ನ ಅಕ್ಕ ರೈಲು ಹತ್ತುವುದಕ್ಕೂ ಹೀಗೆ ಗಂಟು ಬಿದ್ದದ್ದನ್ನು ಅವನು ಯಾರಿಗೂ ಬಿಡಿಸಿ ಹೇಳಲಾರದೆ ಹೋದ. ಮದುವೆಯ ಮಾತೆತ್ತಿದರೆ, "ಅಕ್ಕ ಬರಲಿ" ಎನ್ನುತ್ತಿದ್ದ. "ಆ ಅಕ್ಕ ಬರುವಷ್ಟರಲ್ಲಿ ನಿಮಗೆ ಹಲ್ಲು ಬಿದ್ದಿರ್ತದೆ ಮಾರಾಯ್ರೆ," ಎಂದು ಮೋನಪ್ಪ ಬೈಯುತ್ತಿದ್ದ.

ಐವತ್ತಾರರ ಕೊನೆಗೆ ಅವನು ಕಾಂದಿವಲಿಯಲ್ಲಿ ಎರಡು ಕೋಣೆಯ ಒಂದು ಬಿಡಿಮನೆ ಹಿಡಿದ. ದಿನಾ ಎರಡು ತಾಸಿನ ಓಡಾಟ. ಯಾಕೆಂದು ಕೇಳಿದರೆ ಅಕ್ಕನಿಗೆ ಮೂರು ಮಾಳಿಗೆ ಹತ್ತಲಾಗದು ಎಂದ. ಒಂದು ಭಾನುವಾರ ನಾನು ಹೋದಾಗ, ಹಿಂಬಾಗಿಲಿನಿಂದ ಬಾವಿಯ ಕಟ್ಟೆಯ ತನಕ ಒಂದು ಹಗ್ಗ ಕಟ್ಟಿದ್ದು ಕಂಡಿತು.

"ಇದೇನು?"

"ಬಟ್ಟೆ ಒಣಗಿಸೋಕೆ."

ಹಗ್ಗ ಸೊಂಟದ ಎತ್ತರಕ್ಕಿತ್ತು. ಅದರ ಮೇಲೆ ಪಂಚೆ ಹಾಕಿದರೆ ಅರ್ಧ ಮಣ್ಣಿನಲ್ಲಿರುತ್ತದೆ.  ಒಳಗಿನ ಕೋಣೆಯ ಹೊಸಿಲನ್ನು ಕೀಳಿಸಿದ್ದ. ಆ ಕೋಣೆಯಲ್ಲಿ ಅವನು ಒಂದು ದಿನವೂ ಮಲಗಲಿಲ್ಲ. ಅಲ್ಲಿ ಒಂದು ಚಾಪೆ, ಒಂದು ಮಣೆ, ಒಂದು ಹೂಜಿ, ಇಷ್ಟೇ ಇದ್ದವು.

ಹೋದ ವರ್ಷ ಮಾರ್ಚಿನಲ್ಲಿ ಅವಳು ಕೊನೆಗೂ ಒಪ್ಪಿದಳು. ಸುಂಕ ನೆಲೆಗೆ ಬಂದಿರಲಿಲ್ಲ. ಬಾಣಲೆಯ ಕುದಿನೀರು ಕೈಗೆ ಚೆಲ್ಲಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಮಳೆ ಕಳೆದ ಮೇಲೆ ಬರುತ್ತೇನೆ ಎಂದು ಬರೆಸಿದಳು. ಹಿರಿಯಣ್ಣ ಆ ದಿನವೇ ಟ್ರಂಕಿನಿಂದ ಲಡಿಯನ್ನು ತೆಗೆದು, ಗಟ್ಟಿಯಾಗಿ ಹೊಲಿದು, ನನ್ನ ಕೈಯಿಂದಲೇ ಇಲಕಲ್ಲಿನ ವಿಳಾಸ ಬರೆಸಿ ಮಾವನಿಗೆ ಅಂಚೆಯಲ್ಲಿ ಕಳಿಸಿದ. "ಸೆರಗಿಗೆ ಹಾಕೋಕೆ ಹೇಳು," ಎಂದ. ಅಂಚೆ ಕಚೇರಿಯಿಂದ ಸ್ಟೇಷನ್ನಿನ ತನಕ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.

ಮಳೆ ಕಳೆಯಲಿಲ್ಲ. ಆ ವರ್ಷದ ಫ್ಲೂ ಜ್ವರ ಮುಂಬಯಿಯನ್ನೆಲ್ಲ ಹಿಡಿದಿತ್ತು. ಅರ್ಧ ಕಚೇರಿ ಮಲಗಿ ಎದ್ದಿತು. ಇವನು ಏಳಲಿಲ್ಲ. ಜ್ವರ ಎದೆಗಿಳಿದು ಏಳನೆಯ ದಿನ ಹೋಗಿಬಿಟ್ಟ. ನಾನು ಹತ್ತಿರವೇ ಇದ್ದೆ. ಹಿಂದಿನ ದಿನ ಎರಡು ಸಲ, "ಇಲಕಲ್ಲಿನಿಂದ ಬಂತಾ?" ಎಂದು ಕೇಳಿದ. ಎರಡು ಸಲವೂ, "ನಾಳೆ ಬರುತ್ತೆ" ಎಂದೆ. ಅಷ್ಟು ಜ್ವರದಲ್ಲೂ ಮಣಿಕಟ್ಟು ತಿರುಗುತ್ತಿತ್ತು. ಬೆಳಿಗ್ಗೆ ನಾನು ಚಹಾ ಕಾಯಿಸಿ ತಿರುಗಿ ನೋಡುವಷ್ಟರಲ್ಲಿ ನಿಂತಿತ್ತು. ಅವನಿಗೆ ಮೂವತ್ನಾಲ್ಕು ವರ್ಷ.

ಸೀರೆ ಒಂಬತ್ತನೆಯ ದಿನಕ್ಕೆ ಬಂತು. ಮಾವ ದುಡ್ಡು ತೆಗೆದುಕೊಂಡಿರಲಿಲ್ಲ.

ತಮ್ಮನ ಸಾವಿನ ಸುದ್ದಿ ತಲುಪಿದ್ದರೂ ರಮಾಮಣಿ ಹೇಳಿದಂತೆಯೇ ಮಳೆ ಕಳೆದ ಮೇಲೆ, ದಸರೆಯ ಹಿಂದಿನ ವಾರ ಬಂದಳು. ಹಿಂದೆ ಲಡಿ ತಂದುಕೊಟ್ಟಿದ್ದ ವ್ಯಾಪಾರಿಯೇ ಕೈಹಿಡಿದು ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿಸಿದರು. ನಾನು ಎದುರು ಹೋಗಿ ನಿಂತೆ. ಅವಳು ನನ್ನ ಮುಖದ ಪಕ್ಕಕ್ಕೆ ನೋಡುತ್ತ, "ನೀನೇನಪ್ಪ ಶೆಟ್ಟೆಪ್ಪ?" ಎಂದಳು. ನನ್ನ ಬಲಗೈಯನ್ನು ಹುಡುಕಿ ಹಿಡಿದು, ಒಂದು ಕ್ಷಣ ಹಿಡಿದೇ ನಿಂತಳು. ಆ ಕೈ ತಿರುಗುತ್ತಿರಲಿಲ್ಲ. ಬಿಟ್ಟಳು.

ನಾನು ಬಾಡಿಗೆ ಕಟ್ಟಿ ಉಳಿಸಿಕೊಂಡಿದ್ದ ಕಾಂದಿವಲಿಯ ಮನೆಗೆ ಕರೆದುಕೊಂಡು ಹೋದೆ. ಅವನ ಬಟ್ಟೆ, ಅವನ ಚಾಪೆ ಎಲ್ಲವನ್ನೂ ಮುಟ್ಟಿ ನೋಡಿದಳು. ಮರುದಿನ ಬೆಳಿಗ್ಗೆ ಹಿಂಬಾಗಿಲಿಗೆ ಹೋದವಳ ಕೈಗೆ ಆ ಹಗ್ಗ ತಾಗಿತು. ಯಾರನ್ನೂ ಏನೂ ಕೇಳದೆ, ಅದನ್ನು ಹಿಡಿದುಕೊಂಡು ಬಾವಿಯ ತನಕ ಹೋಗಿ, ಕಟ್ಟೆಯ ಮೇಲೆ ಅಂಗೈ ಇಟ್ಟು, ಮತ್ತೆ ಅದನ್ನೇ ಹಿಡಿದುಕೊಂಡು ವಾಪಸು ಬಂದಳು.

ನಾನು ಸೀರೆಯನ್ನು ತಂದು ಅವಳ ಮಡಿಲಿಗಿಟ್ಟೆ. ಸೆರಗು ಕೆಂಪು ಬಣ್ಣದ್ದೆಂದು ಹೇಳಿದೆ. ಅವಳು ಬೆರಳ ತುದಿಯಿಂದ ಸವರುತ್ತ ಹೋದಳು. ಮಾವ ಲಡಿಯನ್ನು ನೋಡಿದ ರೀತಿಯಲ್ಲೇ ಒಂದು ಕಡೆ ನಿಂತಳು.

"ಇದು ನಾನು ತೆಗೆದಿದ್ದು," ಎಂದಳು. ಮುಂದೆ ಹೋದಳು. "ಇಲ್ಲಿ ನೋಡು, ಇಲ್ಲಿ ಆ ಕೂಲಿ ಹುಡುಗಿ ಚಕ್ರ ನಿಲ್ಲಿಸ್ಲೇ ಇಲ್ಲ. ನಿಲ್ಲಿಸೇ ಅಂತ ಎಷ್ಟು ಬಡ್ಕೊಂಡೆ. ಅವನಿಗೆ ಒಂದು ದಿನ ಬಾಯಿಬಿಟ್ಟು ಹೇಳ್ದೋಳಲ್ಲ ನಾನು." ಮತ್ತೆ ಸವರಿದಳು. "ಯಾರು ನೇಯ್ದಿದ್ದು?"

"ನನ್ನ ಸೋದರಮಾವ. ಸುಂಕ ಇಳಿಸಬೇಕು ಅಂತ ಬಂದು ಸಾಕ್ಷಿ ಹೇಳಿದವನು."

"ಓ," ಎಂದು ಸಣ್ಣಗೆ ನಕ್ಕಳು. "ಹಂಗಾದ್ರೆ ನನ್ನ ನೂಲನ್ನ ಬೈದಿರ್ಬೇಕು. ಹಿರಿಯಣ್ಣ ಆ ದಿನದ್ದು ಸರಿಯಾಗಿ ಬರೀಲೇ ಇಲ್ಲ ಕಣಪ್ಪ. ನೀನು ಅಲ್ಲಿದ್ದೆಯಂತಲ್ಲ. ಹೇಳು."

ಹೇಳಬಾರದೆಂದು ನಾನು ಅಂದುಕೊಂಡಿದ್ದೆ. ಆದರೆ ಅವನು ಒಂದು ಸಾಲನ್ನೂ ನುಂಗದೆ ಹೇಳಿದ್ದನ್ನು ನಾನು ಹೇಗೆ ನುಂಗಲಿ? ಭಾನುವಾರದಿಂದ ಹಿಡಿದು ಹೇಳಿದೆ. ಕಿಟಕಿಯ ಬೆಳಕು, ತುಟಿಯ ಮೇಲೆ ಎಳೆದ ಎಳೆ, ಮಾವ ಹೇಳಿದ್ದು, ಮರುದಿನ ಅಧ್ಯಕ್ಷರು ಕೇಳಿದ್ದು, ಕನ್ನಡಕ ಕೊಡಿ ಎಂದದ್ದು, ಜನ ನಕ್ಕದ್ದು.

"ಅದನ್ನ ಇಂಗ್ಲೀಷಲ್ಲಿ ಅವನೇ ಹೇಳಿದ್ನಾ?"

"ಅವನೇ."

"ಕಣ್ಣಿಂದೂ?"

"ಅದನ್ನೂ. ಏನೂ ಬಿಡಲಿಲ್ಲ."

 ಸೆರಗಿನ ಮೇಲಿದ್ದ ಅವಳ ಬೆರಳುಗಳು ನಿಂತಿದ್ದವು.

"ಹಂಗಾದ್ರೆ ಅವನಿಗೆ ಗೊತ್ತಿತ್ತು," ಎಂದಳು. "ನಾಲ್ಕು ವರ್ಷ ಗೊತ್ತಿತ್ತು. ನಾನು ಮುಚ್ಚಿಟ್ಟುಕೊಂಡೇ ಕೂತೆ. ಬಾ ಅಂತ ಮಾತ್ರ ಬರೀತಿದ್ದ."

ನಾನು ಇನ್ನೂ ಏನನ್ನೋ ಹೇಳಲು ಹೊರಟಿದ್ದೆ. ಅವನು ಹೊಸಿಲು ಕೀಳಿಸಿದ್ದು, ಅಂಚೆ ಕಚೇರಿಯಿಂದ ಮುಂದೆ ಮುಂದೆ ನಡೆದದ್ದು. ಅಷ್ಟರಲ್ಲಿ ಅವಳು ಕಿಟಕಿಯ ಕಡೆ ತಿರುಗಿದಳು, ಅವಳ ಬೆನ್ನು ನನ್ನ ಕಡೆಗಾಯಿತು. ಆ ಬೆನ್ನು ಒಂದಿಷ್ಟು ಬಾಗಿತು.

ನಾನು ಮಾತು ನಿಲ್ಲಿಸಿದೆ. ಅದು ಮತ್ತೆ ನೆಟ್ಟಗಾಗುವವರೆಗೆ ಅಲ್ಲಿಯೇ ಕೂತಿದ್ದೆ.